ಟೈಲ್ಸ್ ಹೊಳೆಯಲು ಆಸಿಡ್‌ಗೆ ಬ್ಲೀಚಿಂಗ್ ಪುಡಿ ಬೆರೆಸಬಹುದೇ?

ಬಾತ್‌ರೂಮ್ ಟೈಲ್ಸ್ ಮೇಲಿನ ಬಿಳಿ ಕಲೆ, ಅಡುಗೆಮನೆ ಟೈಲ್ಸ್ ಸಂದಿಯ ಕಪ್ಪು ಗೆರೆ ಹೋಗಲು ‘ಇದಕ್ಕೆ ಅದನ್ನು ಬೆರೆಸಿ ಸುರಿಯಿರಿ’ ಎನ್ನುವ ಸಲಹೆಗಳು ವಾಟ್ಸಾಪ್‌ನಲ್ಲಿ ಬರುತ್ತಲೇ ಇರುತ್ತವೆ. ಅವುಗಳಲ್ಲಿ ಕೆಲವು ಬರೀ ವ್ಯರ್ಥ. ಇನ್ನು ಕೆಲವು ಜೀವಕ್ಕೇ ಅಪಾಯ.

ಕೊಳೆ ಎಲ್ಲಿ ಕೂರುತ್ತದೆ?

ಜೇಡಿಮಣ್ಣನ್ನು ಒತ್ತಿ, 1,000 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಬಿಸಿಯಲ್ಲಿ ಸುಟ್ಟು ಸೆರಾಮಿಕ್ ಟೈಲ್ಸ್ ಮಾಡುತ್ತಾರೆ. ಸಾಮಾನ್ಯವಾಗಿ ಅದರ ಮೇಲೆ ಗಾಜಿನಂಥ ಗ್ಲೇಜ್ ಪದರ ಇರುತ್ತದೆ. ಪೋರ್ಸಲೇನ್ ಟೈಲ್ಸ್ ಇನ್ನೂ ಗಟ್ಟಿ. ತನ್ನ ತೂಕದ ಶೇ 0.5ಕ್ಕಿಂತ ಹೆಚ್ಚು ನೀರು ಹೀರುವುದಿಲ್ಲ. ನಮ್ಮ ಅಂಗಡಿಗಳಲ್ಲಿ ‘ವಿಟ್ರಿಫೈಡ್’ ಎಂದು ಮಾರುವುದು ಈ ಬಗೆಯದನ್ನೇ. ಹಾಗಾಗಿ ಕೊಳೆ ಟೈಲ್ಸ್ ಒಳಗೆ ಇಳಿಯುವುದು ಕಡಿಮೆ. ಕೊಳೆ ಹಿಡಿಯುವುದು ಸಂದಿಗೆ ತುಂಬಿದ ಗ್ರೌಟ್. ಅದು ಹೆಚ್ಚಾಗಿ ಸಿಮೆಂಟಿನದು, ನೀರನ್ನೂ ಎಣ್ಣೆಯನ್ನೂ ಹೀರುತ್ತದೆ.

ಹೇಳಿಕೆ 1: ಆಸಿಡ್ ಮತ್ತು ಬ್ಲೀಚಿಂಗ್ ಪುಡಿ ಸೇರಿದರೆ ಶಕ್ತಿ ದುಪ್ಪಟ್ಟು

ತಪ್ಪು, ಅಪಾಯಕಾರಿ. ಇವೆರಡೂ ಸೇರಿದರೆ ಹೊರಬರುವುದು ಕ್ಲೋರಿನ್ ಅನಿಲ. ಮೊದಲ ಮಹಾಯುದ್ಧದಲ್ಲಿ, 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಸೈನಿಕರ ಮೇಲೆ ಬಿಟ್ಟಿದ್ದು ಇದೇ ಅನಿಲವನ್ನು. ಇದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಆದ್ದರಿಂದ ಸಣ್ಣ ಬಾತ್‌ರೂಮಿನಲ್ಲಿ ನೆಲದ ಹತ್ತಿರವೇ ನಿಲ್ಲುತ್ತದೆ. ಕುಕ್ಕರಗಾಲಲ್ಲಿ ಕೂತು ಉಜ್ಜುವವರ ಮೂಗು ಇರುವುದೂ ಅಲ್ಲೇ.

ಅನೇಕ ಟಾಯ್ಲೆಟ್ ಕ್ಲೀನರ್‌ಗಳಲ್ಲೂ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಅದರ ಜೊತೆಗೂ ಬ್ಲೀಚ್ ಸೇರಬಾರದು. ಬೇರೆ ಬೇರೆಯಾಗಿ ಹಾಕಿದರೂ, ಮೊದಲನೆಯದನ್ನು ಪೂರ್ತಿ ತೊಳೆಯದಿದ್ದರೆ ಅನಿಲ ಬರುತ್ತದೆ. ಅಮೋನಿಯಾ ಇರುವ ಕ್ಲೀನರ್ ಜೊತೆ ಬ್ಲೀಚ್ ಸೇರಿದರೆ ಕ್ಲೋರಮೈನ್ ಎಂಬ ಮತ್ತೊಂದು ವಿಷಾನಿಲ ಬರುತ್ತದೆ.

ಕಣ್ಣು ಉರಿ, ಕೆಮ್ಮು, ಎದೆ ಬಿಗಿತ ಶುರುವಾದರೆ ಎಲ್ಲವನ್ನೂ ಅಲ್ಲೇ ಬಿಟ್ಟು ಹೊರಗೆ ಬನ್ನಿ. ತೊಳೆಯಲು ಮತ್ತೆ ಒಳಗೆ ಹೋಗಬೇಡಿ. ಉಸಿರಾಟ ಕಷ್ಟವಾದರೆ ತಕ್ಷಣ 108ಕ್ಕೆ ಕರೆ ಮಾಡಿ. ಶ್ವಾಸಕೋಶದ ತೊಂದರೆ ಕೆಲವು ಗಂಟೆ ಬಿಟ್ಟು ಹೆಚ್ಚಾಗಬಹುದು. ಸುಮ್ಮನಿರದೆ ವೈದ್ಯರಿಗೆ ತೋರಿಸಿ.

ಹೇಳಿಕೆ 2: ಆಸಿಡ್ ಒಂದನ್ನೇ ಹಾಕಿದರೆ ತೊಂದರೆ ಇಲ್ಲ

ಅರ್ಧ ಸತ್ಯ. ಗ್ಲೇಜ್ ತಡೆದುಕೊಳ್ಳಬಹುದು, ಆದರೆ ಗ್ರೌಟ್‌ನ ಸಿಮೆಂಟನ್ನು ಆಸಿಡ್ ಕರಗಿಸುತ್ತದೆ. ಪದೇ ಪದೇ ಹಾಕಿದರೆ ಸಂದಿ ಟೊಳ್ಳಾಗಿ ಅಲ್ಲಿಂದ ನೀರು ಇಳಿಯುತ್ತದೆ. ಮಾರ್ಬಲ್, ಕಡಪ ಕಲ್ಲು, ಶಹಾಬಾದ್ ಕಲ್ಲು ಸುಣ್ಣದಂಶದವು. ಅವುಗಳ ಮೇಲೆ ಆಸಿಡ್ ಬಿದ್ದರೆ ಕಲ್ಲೇ ಕರಗಿ ಹೊಳಪು ಹೋಗುತ್ತದೆ.

ಹೇಳಿಕೆ 3: ವಿನೆಗರ್ ಮತ್ತು ಅಡುಗೆ ಸೋಡಾ ನೊರೆಯೇ ಕೊಳೆ ಕೀಳುತ್ತದೆ

ಅಪಾಯವಿಲ್ಲ, ಲಾಭವೂ ಅಷ್ಟಕ್ಕಷ್ಟೆ. ನೊರೆ ಎಂದರೆ ಇಂಗಾಲದ ಡೈ ಆಕ್ಸೈಡ್. ಆಮ್ಲ, ಕ್ಷಾರ ಎರಡೂ ಒಂದನ್ನೊಂದು ಮುಗಿಸಿಕೊಂಡು, ಕೊನೆಗೆ ಉಳಿಯುವುದು ಒಂದಿಷ್ಟು ಲವಣ ಕರಗಿದ ನೀರು. ಬೇರೆ ಬೇರೆಯಾಗಿ ಬಳಸಿದರೆ ಎರಡೂ ಕೆಲಸಕ್ಕೆ ಬರುತ್ತವೆ.

ಹಾಗಾದರೆ ಏನು ಮಾಡಬೇಕು?

• ಮೊದಲು ಕಸ ಗುಡಿಸಿ. ಮರಳಿನ ಕಣ ಉಳಿದರೆ ಒರೆಸುವಾಗ ಹೊಳಪಿನ ಮೇಲೆ ಗೀರು ಬೀಳುತ್ತದೆ.
• ಬೆಚ್ಚಗಿನ ನೀರಿಗೆ ಸ್ವಲ್ಪವೇ ನೆಲ ಒರೆಸುವ ದ್ರಾವಣ ಹಾಕಿ. ಹೆಚ್ಚು ಹಾಕಿದರೆ ಅಂಟು ಪದರ ಉಳಿದು ಧೂಳು ಬೇಗ ಹಿಡಿಯುತ್ತದೆ.
• ಬಟ್ಟೆ ಹಿಂಡಲು ಬೇರೆ ಬಕೆಟ್ ಇಡಿ, ನೀರು ಕೊಳಕಾದಾಗ ಬದಲಿಸಿ.
• ಸಂದಿಗೆ ಅಡುಗೆ ಸೋಡಾ ಕಲಸಿ ಹಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ತಂತಿ ಬ್ರಷ್ ಬೇಡ.
• ಬೋರ್‌ವೆಲ್‌ನ ಗಡಸು ನೀರಿನ ಬಿಳಿ ಕಲೆಗೆ, ನೀರು ಬೆರೆಸಿದ ವಿನೆಗರ್ ಹಚ್ಚಿ. ಮೊದಲು ಗ್ರೌಟನ್ನು ನೀರಿನಿಂದ ನೆನೆಸಿ, ಐದು ನಿಮಿಷದೊಳಗೆ ತೊಳೆಯಿರಿ. ಆ ಹೊತ್ತಿಗೆ ಬ್ಲೀಚ್ ಬಳಸಬೇಡಿ.
• ಕೊನೆಗೆ ಒಣ ಬಟ್ಟೆಯಲ್ಲಿ ಒರೆಸಿ. ನೀರು ತಾನಾಗಿ ಆರಿದರೆ ಅದೇ ಬಿಳಿ ಕಲೆ ಮತ್ತೆ ಬರುತ್ತದೆ.

ನಿಮ್ಮ ಮನೆಯಲ್ಲಿ ನೆಲ ತೊಳೆಯುವವರು ಬೇರೆಯವರಾದರೆ, ಆಸಿಡ್ ಮತ್ತು ಬ್ಲೀಚ್ ಸೇರಿಸಬಾರದು ಎಂದು ಅವರಿಗೂ ಬಾಯಿಬಿಟ್ಟು ಹೇಳಿ. ಎರಡನ್ನೂ ಒಂದೇ ಕಡೆ ಇಡಬೇಡಿ. ಬೆರೆಸಿ ಎನ್ನುವ ಸಂದೇಶ ಬಂದರೆ ಮುಂದಕ್ಕೆ ಕಳಿಸದೆ, ಕಳಿಸಿದವರಿಗೆ ಅದರ ಅಪಾಯ ತಿಳಿಸಿ.