ಮೋಡೆಮ್ ಕಿರುಗುಟ್ಟುತ್ತಿದ್ದ ಕಾಲ



ಮನೆಯ ಫೋನ್ ತಂತಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಮೋಡೆಮ್ ಕಿರುಗುಟ್ಟುವುದನ್ನೇ ಕಿವಿಗೊಟ್ಟು ಕೇಳುತ್ತಿದ್ದ ರಾತ್ರಿಗಳು ನೆನಪಿವೆಯೇ? ದೇಶದ ಮೊದಲ ಟೆಲಿಗ್ರಾಫ್ ತಂತಿ ಓಡಿದ್ದು ನಮ್ಮ ಈ ಊರಿನಿಂದ ಡೈಮಂಡ್ ಹಾರ್ಬರ್ ಕಡೆಗೆ. 1851ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅದನ್ನು ಬಳಸತೊಡಗಿತು. ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಜನಸಾಮಾನ್ಯರಿಗೆ ಇಂಟರ್‌ನೆಟ್ ತೆರೆದಾಗಲೂ ಮೊದಲ ಊರುಗಳ ಸಾಲಿನಲ್ಲಿ ಕಲ್ಕತ್ತಾ ಇತ್ತು.

ವಿದ್ಯಾರ್ಥಿಗಳಿಗೆ ಸಿಗುತ್ತಿದ್ದ ಅಗ್ಗದ ಶೆಲ್ ಖಾತೆಯಲ್ಲಿ ಬರೀ ಇಂಗ್ಲಿಷ್ ಅಕ್ಷರಗಳು. ಚಿತ್ರವಿಲ್ಲ, ಕನ್ನಡವಂತೂ ಇಲ್ಲವೇ ಇಲ್ಲ. 1996ರಲ್ಲಿ ಡಾ. ಯು. ಬಿ. ಪವನಜ ಅವರು 'ವಿಶ್ವಕನ್ನಡ' ಅಂತರಜಾಲ ಪತ್ರಿಕೆ ಆರಂಭಿಸಿದರು. ಊರಿಂದ ದೂರವಿದ್ದವರಿಗೆ ಪರದೆಯ ಮೇಲೆ ಕನ್ನಡ ಕಾಣುವುದೆಂದರೆ ಸಣ್ಣ ಮಾತಲ್ಲ. ಆದರೆ ಮೊದಲು ಲೈನ್ ಸಿಗಬೇಕಲ್ಲ!

ಲಿನಕ್ಸ್ ಹಾಕಿಕೊಂಡವರ ಪಾಡು ಇನ್ನೂ ಬೇರೆ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೊರತಂದ ಈ ವ್ಯವಸ್ಥೆ ನಮ್ಮಲ್ಲಿ ಹಲವರ ಕೈಸೇರಿದ್ದು ಕಂಪ್ಯೂಟರ್ ಪತ್ರಿಕೆಗಳ ಜೊತೆ ಬಂದ ಸಿಡಿಯಿಂದ. ವಿಂಡೋಸ್‌ನಲ್ಲಿ ಸಲೀಸಾಗಿ ಓಡುವ ಮೋಡೆಮ್ ಇಲ್ಲಿ ಮೂಕವಾಗುತ್ತಿತ್ತು. ಕಾರಣ 'ವಿನ್‌ಮೋಡೆಮ್'. ಬೆಲೆ ಇಳಿಸಲೆಂದು ಅದರ ಅರ್ಧ ಕೆಲಸವನ್ನು ಕಂಪ್ಯೂಟರಿನ ಪ್ರೊಸೆಸರಿಗೇ ವಹಿಸಿದ್ದರು. ಆ ಕೆಲಸದ ಡ್ರೈವರ್ ವಿಂಡೋಸ್‌ಗೆ ಮಾತ್ರ ಇತ್ತು, ಒಳಗುಟ್ಟನ್ನು ತಯಾರಕರು ಬಿಡುತ್ತಿರಲಿಲ್ಲ. ಸೀರಿಯಲ್ ಪೋರ್ಟಿಗೆ ಹಾಕುವ ಹೊರ ಮೋಡೆಮ್ ದುಬಾರಿಯಾದರೂ ಈ ತಂಟೆ ಇರಲಿಲ್ಲ.

ಅದಕ್ಕೂ ಲೆಕ್ಕ ತಪ್ಪಬಾರದು. ವಿಂಡೋಸ್‌ನ ಕಾಮ್1 ಲಿನಕ್ಸ್‌ನಲ್ಲಿ ಟಿಟಿವೈಎಸ್0, ಎಣಿಕೆ ಸೊನ್ನೆಯಿಂದ. ಫೋನಿನಲ್ಲಿ ಡಯಲ್ ಟೋನ್ ಕೇಳಿಸಿದರೂ ಮೋಡೆಮ್ 'ನೋ ಡಯಲ್‌ಟೋನ್' ಎಂದರೆ? ನಮ್ಮ ಎಕ್ಸ್‌ಚೇಂಜಿನ ದನಿ ಅದಕ್ಕೆ ಗುರುತು ಸಿಗದಿರುವುದು ಮಾಮೂಲು. 'ಎಕ್ಸ್3' ಆಜ್ಞೆ ಕೊಟ್ಟರೆ ಟೋನಿಗೆ ಕಾಯದೆ ಡಯಲ್ ಮಾಡುತ್ತಿತ್ತು. ಹಳೆಯ ಎಕ್ಸ್‌ಚೇಂಜಾದರೆ ಟೋನ್ ಬಿಟ್ಟು ಪಲ್ಸ್ ಡಯಲಿಂಗ್. ಸಂಪರ್ಕ ಸಿಕ್ಕಿಯೂ ಪುಟ ತೆರೆಯದಿದ್ದರೆ, ಹೆಸರನ್ನು ಸಂಖ್ಯೆಗೆ ಬದಲಿಸುವ ಡಿಎನ್‌ಎಸ್ ವಿಳಾಸ ಬರೆದಿಲ್ಲವೆಂದೇ ಮೊದಲ ಗುಮಾನಿ.

ಫೋನ್ ಬಿಲ್ ಏರುತ್ತಿತ್ತು, ಮನೆಯವರು ಗೊಣಗುತ್ತಿದ್ದರು. ಆದರೂ ಲಿನಕ್ಸ್ ಒಂದು ಉಪಕಾರ ಮಾಡಿತು: ಎಲ್ಲಿ ಎಡವಿದೆ ಎಂದು ಲಾಗ್ ಕಡತದಲ್ಲಿ ಸಾಲುಸಾಲಾಗಿ ಬರೆದಿಡುತ್ತಿತ್ತು. ಓದುವ ತಾಳ್ಮೆಯಿದ್ದವರು ಕಲಿತರು, ಕಲಿತವರು ಪಕ್ಕದವರಿಗೆ ಹೇಳಿಕೊಟ್ಟರು. ಮುಚ್ಚಿಟ್ಟ ವಿನ್‌ಮೋಡೆಮ್‌ಗಳ ಪೈಕಿ ಕೆಲವಕ್ಕೆ ಕೊನೆಗೆ ಲಿನಕ್ಸ್ ಡ್ರೈವರ್ ದಕ್ಕಿದ್ದರಲ್ಲೂ ಇಂಥ ಸ್ವಯಂಸೇವಕರ ಬೆವರಿದೆ.

ಟೆಲಿಗ್ರಾಂ ಸೇವೆ 2013ರ ಜುಲೈನಲ್ಲಿ ನಿಂತಿತು. ಡಯಲ್-ಅಪ್ ಸದ್ದೂ ಅಡಗಿದೆ. ಇಂದಿನ ಫೋನ್ ಕೆಟ್ಟರೆ 'ಏನೋ ತಪ್ಪಾಗಿದೆ' ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಅಂದಿನ ಮೋಡೆಮ್ ಕಿರುಚಿದರೂ ಕಾರಣ ಹೇಳಿಯೇ ಕಿರುಚುತ್ತಿತ್ತು. ನಮ್ಮ ಯಂತ್ರ ನಮಗೆ ಅರ್ಥವಾಗಬೇಕೆಂಬ ಆ ಹಟವನ್ನಾದರೂ ಮಕ್ಕಳಿಗೆ ದಾಟಿಸೋಣ, ಅಲ್ಲವೇ?