ಬಿಸಿಲಿನಿಂದ ಐಸ್

ನಮ್ಮ ಆಫೀಸಿನ ತಾರಸಿ ಮೇಲೆ ಬಿಸಿಲು ಸುಡುತ್ತಿರುತ್ತೆ, ಒಳಗೆ ಎಸಿಗೆ ಕರೆಂಟ್ ಸುರಿಯುತ್ತಿರುತ್ತೇವೆ. ಆ ಬಿಸಿಲೇ ತಂಪು ಕೊಡಬಾರದೇ ಅಂತ ಹುಡುಕಿದರೆ, 1878ರಲ್ಲೇ ಒಬ್ಬರು ಮಾಡಿ ತೋರಿಸಿದ್ದಾರೆ!

ಅಗಸ್ಟಿನ್ ಮೂಶೋ, ಫ್ರಾನ್ಸಿನ ಗಣಿತದ ಮೇಷ್ಟ್ರು. ಪ್ಯಾರಿಸ್ಸಿನ ವಿಶ್ವ ಪ್ರದರ್ಶನದಲ್ಲಿ, ತಿರುಗಿಸಿಟ್ಟ ಕೊಡೆಯಂಥ ದೊಡ್ಡ ಕನ್ನಡಿಯಿಂದ ಬಿಸಿಲು ಹಿಡಿದು ಬಾಯ್ಲರ್ ಕಾಯಿಸಿದರು. ಹಬೆಯಿಂದ ಪಂಪು ಓಡಿತು. ಶಾಖವನ್ನು ಕಾರೇ ಎಂಬಾತ ರೂಪಿಸಿದ್ದ ಅಮೋನಿಯಾ ಯಂತ್ರಕ್ಕೆ ಕೊಟ್ಟಾಗ ಐಸೂ ಬಂತು. ಕಾಯಿಸಿದರೆ ಅಮೋನಿಯಾ ನೀರಿನಿಂದ ಬಿಟ್ಟುಕೊಳ್ಳುತ್ತೆ. ದ್ರವವಾಗಿ ಮತ್ತೆ ಆವಿಯಾಗುವಾಗ ಸುತ್ತಲಿನ ಬಿಸಿ ಹೀರುತ್ತೆ. ಬೆವರು ಆರಿದಾಗ ಮೈ ತಂಪಾಗಲ್ವಾ, ಹಾಗೆ. ಇವತ್ತು ಕಟ್ಟಡಗಳಿಗೆ ಬಿಸಿಲಿನಿಂದ ಶಾಖ, ತಂಪು, ಕರೆಂಟ್ ಮೂರನ್ನೂ ಕೊಡುವ ವ್ಯವಸ್ಥೆಗಳ ಹಿಂದಿರುವುದೂ ಇದೇ ಯೋಚನೆ.

ಮೂಶೋಗೆ ಚಿನ್ನದ ಪದಕ ಸಿಕ್ಕಿತು. ಆದರೆ ಕಲ್ಲಿದ್ದಲು ಅಗ್ಗವಾಗಿತ್ತು. ಬಿಸಿಲು ದುಬಾರಿ ಅಂತ ಸರ್ಕಾರ ಕೈಬಿಟ್ಟಿತು. ಆ ಲೆಕ್ಕದಲ್ಲಿ ಹೊಗೆಯ ಬೆಲೆ ಹಿಡಿದಿರಲಿಲ್ಲ. ನಮ್ಮ ಆಫೀಸಿನ ಕರೆಂಟ್ ಬಿಲ್ಲಿನಲ್ಲಿ ಈಗಲೂ ಹಿಡಿದಿಲ್ಲ.