ಬಹೂಪಯೋಗಿ ಮೈಕ್ರೋವೇವ್ ಓವನ್: ಗೃಹಬಳಕೆಯಲ್ಲಿ ಸುರಕ್ಷತೆ ಮತ್ತು ಸದುಪಯೋಗ

ಪೀಠಿಕೆ

ಆಹಾರವನ್ನು ಬಿಸಿ ಮಾಡುವುದು, ಬೇಯಿಸುವುದು, ಸುಡುವುದು ಹಾಗೂ ಬೇಕ್ ಮಾಡುವುದು, ಈ ನಾಲ್ಕೂ ಕಾರ್ಯಗಳನ್ನು ಒಂದೇ ಸಾಧನದಲ್ಲಿ ನೆರವೇರಿಸಬಲ್ಲ ಮೈಕ್ರೋವೇವ್ ಓವನ್‌ಗಳು ಮಾರುಕಟ್ಟೆಯಲ್ಲಿ ಲಭ್ಯವಿರುತ್ತವೆ. ಇವುಗಳನ್ನು ಬಹೂಪಯೋಗಿ ಓವನ್‌ಗಳೆಂದು ಕರೆಯಲಾಗುತ್ತದೆ. ಒಂದು ಕಾರ್ಯವಿಧಾನದಲ್ಲಿ ಸುರಕ್ಷಿತವಾದ ಪಾತ್ರೆಯು ಮತ್ತೊಂದು ಕಾರ್ಯವಿಧಾನದಲ್ಲಿ ಬೆಂಕಿಗೆ ಕಾರಣವಾಗಬಹುದು. ಆದುದರಿಂದ ಸದರಿ ಸಾಧನದ ಖರೀದಿ, ವಿದ್ಯುತ್ ಸಂಪರ್ಕ, ಬಳಕೆ, ನಿರ್ವಹಣೆ ಮತ್ತು ದೂರು ಸಲ್ಲಿಕೆಗೆ ಸಂಬಂಧಿಸಿದ ಅಗತ್ಯ ಮಾಹಿತಿಯನ್ನು ಗ್ರಾಹಕರ ಅನುಕೂಲಕ್ಕಾಗಿ ಈ ಕೆಳಗೆ ನೀಡಲಾಗಿದೆ.

1. ಓವನ್ ಕಾರ್ಯನಿರ್ವಹಿಸುವ ಬಗೆ

ರೇಡಾರ್ ಉಪಕರಣಗಳಲ್ಲಿ ಬಳಸುತ್ತಿದ್ದ ಮ್ಯಾಗ್ನೆಟ್ರಾನ್ ಎಂಬ ನಳಿಕೆಯಿಂದ ಆಹಾರವನ್ನು ಬಿಸಿ ಮಾಡಬಹುದೆಂಬುದನ್ನು ಅಮೆರಿಕದ ಇಂಜಿನಿಯರ್ ಪರ್ಸಿ ಸ್ಪೆನ್ಸರ್ ಅವರು 1945ರಲ್ಲಿ ಕಂಡುಕೊಂಡರು. ಗೃಹಬಳಕೆಯ ಓವನ್‌ಗಳಲ್ಲಿ ಮ್ಯಾಗ್ನೆಟ್ರಾನ್ 2,450 ಮೆಗಾಹರ್ಟ್ಸ್ ಆವರ್ತನದ ಅಲೆಗಳನ್ನು ಉತ್ಪಾದಿಸುತ್ತದೆ. ಈ ಅಲೆಗಳು ಆಹಾರದಲ್ಲಿರುವ ನೀರಿನ ಅಣುಗಳನ್ನು ವೇಗವಾಗಿ ಚಲಿಸುವಂತೆ ಮಾಡುವುದರಿಂದ ಶಾಖ ಉಂಟಾಗುತ್ತದೆ.

ಮೈಕ್ರೋವೇವ್ ಆಹಾರವನ್ನು ಒಳಗಿನಿಂದ ಹೊರಕ್ಕೆ ಬೇಯಿಸುತ್ತದೆ ಎಂಬ ನಂಬಿಕೆ ಸರಿಯಲ್ಲ. ಅಲೆಗಳು ಆಹಾರದೊಳಕ್ಕೆ ಕೆಲವೇ ಸೆಂಟಿಮೀಟರ್‌ಗಳಷ್ಟು ಮಾತ್ರ ಪ್ರವೇಶಿಸುತ್ತವೆ. ಅದಕ್ಕಿಂತ ಒಳಗಿನ ಭಾಗವು ಹೊರಭಾಗದಿಂದ ಹರಿದುಬರುವ ಶಾಖದಿಂದಲೇ ಬೇಯಬೇಕು. ಈ ಅಲೆಗಳಿಂದ ಆಹಾರವು ವಿಕಿರಣಯುಕ್ತವಾಗುವುದಿಲ್ಲ. ಓವನ್ ನಿಂತ ಕ್ಷಣದಲ್ಲಿ ಅಲೆಗಳ ಉತ್ಪಾದನೆಯೂ ನಿಲ್ಲುತ್ತದೆ.

2. ಕಾರ್ಯವಿಧಾನಗಳು

(ಅ) ಮೈಕ್ರೋವೇವ್ ವಿಧಾನ: ಅಲೆಗಳಿಂದ ಮಾತ್ರ ಬಿಸಿಯಾಗುತ್ತದೆ. ಅನ್ನ, ಸಾರು, ಪಲ್ಯಗಳನ್ನು ಬಿಸಿ ಮಾಡಲು ಹಾಗೂ ತರಕಾರಿ ಬೇಯಿಸಲು ಸೂಕ್ತ. ಆಹಾರ ಕೆಂಪಗಾಗುವುದಿಲ್ಲ.

(ಆ) ಗ್ರಿಲ್ ವಿಧಾನ: ಮೇಲ್ಭಾಗದ ವಿದ್ಯುತ್ ಸುರುಳಿಯ ಶಾಖದಿಂದ ಆಹಾರದ ಮೇಲ್ಮೈ ಕೆಂಪಗಾಗುತ್ತದೆ. ಓವನ್‌ನೊಂದಿಗೆ ನೀಡಲಾದ ಎತ್ತರದ ಕಂಬಿಚೌಕಟ್ಟನ್ನು ಬಳಸಬೇಕು.

(ಇ) ಕನ್ವೆಕ್ಷನ್ ವಿಧಾನ: ಬಿಸಿಗಾಳಿಯನ್ನು ಪಂಖದ ಮೂಲಕ ಸುತ್ತಿಸಲಾಗುತ್ತದೆ. ಕೇಕ್, ಬಿಸ್ಕತ್ತು, ಬ್ರೆಡ್ಡುಗಳಿಗೆ ಸೂಕ್ತ. ಆಹಾರ ಇಡುವ ಮುನ್ನ ನಿಗದಿತ ಉಷ್ಣಾಂಶಕ್ಕೆ ಓವನ್ನನ್ನು ಕಾಯಿಸಿಕೊಳ್ಳಬೇಕು.

(ಈ) ಸಂಯುಕ್ತ ವಿಧಾನ: ಅಲೆಗಳೊಂದಿಗೆ ಗ್ರಿಲ್ ಅಥವಾ ಬಿಸಿಗಾಳಿ ಕೆಲಸ ಮಾಡುತ್ತದೆ. ಅಲೆಗಳು ಇರುವುದರಿಂದ ಪಾತ್ರೆಗಳ ವಿಷಯದಲ್ಲಿ ಮೈಕ್ರೋವೇವ್ ವಿಧಾನದ ನಿರ್ಬಂಧಗಳು ಇಲ್ಲಿಯೂ ಅನ್ವಯಿಸುತ್ತವೆ.

3. ಖರೀದಿಗೆ ಮುನ್ನ ಗಮನಿಸಬೇಕಾದ ಅಂಶಗಳು

ಮೈಕ್ರೋವೇವ್ ಓವನ್‌ಗಳನ್ನು ಕೇಂದ್ರ ಸರ್ಕಾರದ 2012ರ ಆದೇಶದ ಮೂಲಕ ಕಡ್ಡಾಯ ನೋಂದಣಿಯ ವ್ಯಾಪ್ತಿಗೆ ತರಲಾಗಿದೆ. ಭಾರತೀಯ ಮಾನಕ ಬ್ಯೂರೋದಲ್ಲಿ ನೋಂದಣಿಯಾದ ಓವನ್‌ಗಳ ಮೇಲೆ ಮಾನಕದ ಸಂಖ್ಯೆ ಹಾಗೂ 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರುತ್ತದೆ. ಈ ಸಂಖ್ಯೆಯನ್ನು ಬ್ಯೂರೋದ 'ಬಿಐಎಸ್ ಕೇರ್' ಮೊಬೈಲ್ ತಂತ್ರಾಂಶದಲ್ಲಿ ಪರಿಶೀಲಿಸಿಕೊಳ್ಳಬಹುದಾಗಿದೆ. ವಿದೇಶದಿಂದ ತಂದ ಓವನ್‌ಗಳು 110 ಅಥವಾ 120 ವೋಲ್ಟ್‌ಗೆ ತಯಾರಾಗಿರಬಹುದು. ಅಂತಹವುಗಳನ್ನು ನಮ್ಮ 230 ವೋಲ್ಟ್ ಸರಬರಾಜಿಗೆ ನೇರವಾಗಿ ಜೋಡಿಸಬಾರದು. ಖರೀದಿಯ ರಸೀದಿ ಮತ್ತು ದಿನಾಂಕ ಸಹಿತವಾದ ಖಾತರಿ ಪತ್ರವನ್ನು ತಪ್ಪದೇ ಪಡೆದು ಜೋಪಾನವಾಗಿರಿಸಿಕೊಳ್ಳಬೇಕು.

4. ವಿದ್ಯುತ್ ಸಂಪರ್ಕ ಮತ್ತು ಹೆಚ್ಚುವರಿ ಭಾರ

ಓವನ್ ಮೇಲೆ ಸಾಮಾನ್ಯವಾಗಿ ಎರಡು ವ್ಯಾಟ್ ಸಂಖ್ಯೆಗಳಿರುತ್ತವೆ. ಒಂದು ಆಹಾರಕ್ಕೆ ದೊರೆಯುವ ಶಕ್ತಿ, ಇನ್ನೊಂದು ವಿದ್ಯುತ್ ಜಾಲದಿಂದ ಪಡೆಯುವ ಶಕ್ತಿ. 800 ವ್ಯಾಟ್ ಶಕ್ತಿ ನೀಡುವ ಓವನ್ ಸುಮಾರು 1,200 ವ್ಯಾಟ್ ವಿದ್ಯುತ್ ಪಡೆಯಬಹುದು. ಕನ್ವೆಕ್ಷನ್ ವಿಧಾನದಲ್ಲಿ ಈ ಪ್ರಮಾಣ 2,000 ವ್ಯಾಟ್‌ಗೂ ಮೀರುವುದುಂಟು.

230 ವೋಲ್ಟ್‌ನಲ್ಲಿ 6 ಆಂಪಿಯರ್ ಸಾಕೆಟ್ ಹೊರಬಲ್ಲ ಗರಿಷ್ಠ ಭಾರ 1,380 ವ್ಯಾಟ್ ಮಾತ್ರ. 2,300 ವ್ಯಾಟ್ ಪಡೆಯುವ ಓವನ್‌ಗೆ 10 ಆಂಪಿಯರ್ ವಿದ್ಯುತ್ ಪ್ರವಾಹ ಬೇಕಾಗುತ್ತದೆ. ಇದನ್ನು 6 ಆಂಪಿಯರ್ ಸಾಕೆಟ್‌ಗೆ ಪರಿವರ್ತಕ ಪ್ಲಗ್ ಮೂಲಕ ಜೋಡಿಸಿದಲ್ಲಿ ಗೋಡೆಯೊಳಗಿನ ತಂತಿ ಕಾದು, ಹೊದಿಕೆ ಕರಗಿ ಬೆಂಕಿ ಹೊತ್ತಿಕೊಳ್ಳುವ ಸಂಭವವಿರುತ್ತದೆ. ಆದುದರಿಂದ ಈ ಕೆಳಕಂಡ ಕ್ರಮಗಳನ್ನು ಅನುಸರಿಸಬೇಕು:

• ಭೂಸಂಪರ್ಕ ಇರುವ 16 ಆಂಪಿಯರ್ ಮೂರು ಪಿನ್ ಸಾಕೆಟ್ಟನ್ನೇ ಬಳಸುವುದು. ಭೂಸಂಪರ್ಕದ ಪಿನ್ನನ್ನು ಕತ್ತರಿಸಕೂಡದು.
• ಅದೇ ಸಾಕೆಟ್ಟಿನಿಂದ ಮಿಕ್ಸಿ, ಫ್ರಿಜ್ ಮುಂತಾದವುಗಳಿಗೆ ಕವಲು ಸಂಪರ್ಕ ನೀಡದಿರುವುದು. ವಿಸ್ತರಣಾ ತಂತಿಯನ್ನು ಬಳಸದಿರುವುದು.
• ಸೋರಿಕೆ ವಿದ್ಯುತ್ತನ್ನು ಗುರುತಿಸಿ ಸರಬರಾಜನ್ನು ಕಡಿತಗೊಳಿಸುವ 30 ಮಿಲಿ ಆಂಪಿಯರ್ ರಕ್ಷಣಾ ಸಾಧನವನ್ನು ಮನೆಯ ಮುಖ್ಯ ಫಲಕದಲ್ಲಿ ಅಳವಡಿಸಿಕೊಳ್ಳುವುದು.
• ಓವನ್‌ನ ಹಿಂಬದಿ, ಪಕ್ಕ ಹಾಗೂ ಮೇಲ್ಭಾಗದಲ್ಲಿ ಕೈಪಿಡಿ ಸೂಚಿಸಿದಷ್ಟು ಸ್ಥಳ ಬಿಡುವುದು. ಗಾಳಿಕಿಂಡಿಗಳ ಮೇಲೆ ಬಟ್ಟೆ ಹೊದಿಸದಿರುವುದು.

ಮನೆಗೆ ಮಂಜೂರಾದ ವಿದ್ಯುತ್ ಭಾರವನ್ನು ಮಾಸಿಕ ಬಿಲ್ಲಿನಲ್ಲಿ ನಮೂದಿಸಲಾಗಿರುತ್ತದೆ. ನೀರು ಕಾಯಿಸುವ ಗೀಸರ್, ಇಸ್ತ್ರಿಪೆಟ್ಟಿಗೆ ಮತ್ತು ಓವನ್ ಏಕಕಾಲಕ್ಕೆ ನಡೆದರೆ ಬಳಕೆಯು ಮಂಜೂರಾದ ಭಾರವನ್ನು ಮೀರಬಹುದು. ಅಂತಹ ಸಂದರ್ಭದಲ್ಲಿ ಗ್ರಾಹಕರು ತಮ್ಮ ವ್ಯಾಪ್ತಿಯ ವಿದ್ಯುತ್ ಸರಬರಾಜು ಕಂಪನಿಯ ಉಪವಿಭಾಗ ಕಚೇರಿಗೆ ಹೆಚ್ಚುವರಿ ಭಾರಕ್ಕಾಗಿ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿಗೆ ಮುನ್ನ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಮನೆಯ ತಂತಿಜಾಲವನ್ನು ಪರೀಕ್ಷಿಸಿಕೊಳ್ಳುವುದು ಸೂಕ್ತ. ಮಂಜೂರಾತಿ ದೊರೆತ ಮಾತ್ರಕ್ಕೆ ಹಳೆಯ ತಂತಿಯು ಸಮರ್ಥವಾಗುವುದಿಲ್ಲ ಎಂಬುದನ್ನು ಗಮನದಲ್ಲಿಡಬೇಕು.

5. ಪಾತ್ರೆಗಳ ಆಯ್ಕೆ

• ಸ್ಟೀಲ್, ಹಿತ್ತಾಳೆ, ತಾಮ್ರ ಹಾಗೂ ಅಲ್ಯೂಮಿನಿಯಂ ಪಾತ್ರೆಗಳನ್ನು ಮೈಕ್ರೋವೇವ್ ಅಥವಾ ಸಂಯುಕ್ತ ವಿಧಾನದಲ್ಲಿ ಬಳಸಬಾರದು. ಲೋಹವು ಅಲೆಗಳನ್ನು ಪ್ರತಿಫಲಿಸುತ್ತದೆ ಮತ್ತು ಕಿಡಿ ಹಾರುತ್ತದೆ. ಬಂಗಾರದ ಅಥವಾ ಬೆಳ್ಳಿಯ ಬಣ್ಣದ ಅಂಚುಳ್ಳ ಪಿಂಗಾಣಿ ತಟ್ಟೆಗಳಿಗೂ ಇದು ಅನ್ವಯಿಸುತ್ತದೆ.
• ಲೋಹದ ಕೇಕ್ ಪಾತ್ರೆಯನ್ನು ಕೇವಲ ಕನ್ವೆಕ್ಷನ್ ವಿಧಾನದಲ್ಲಿ ಬಳಸಬಹುದು.
• ಮೈಕ್ರೋವೇವ್‌ಗೆ ಸೂಕ್ತವೆಂದು ಗುರುತಿಸಿದ ಪ್ಲಾಸ್ಟಿಕ್ ಡಬ್ಬಿಗಳು ಮೈಕ್ರೋವೇವ್ ವಿಧಾನಕ್ಕೆ ಮಾತ್ರ ಸೂಕ್ತ. ಗ್ರಿಲ್ ಮತ್ತು ಕನ್ವೆಕ್ಷನ್ ವಿಧಾನಗಳಲ್ಲಿ ಅವು ಕರಗುತ್ತವೆ.
• ಮೆಲಮೈನ್ ತಟ್ಟೆ, ಹೋಟೆಲ್‌ನಿಂದ ತಂದ ತೆಳು ಪ್ಲಾಸ್ಟಿಕ್ ಡಬ್ಬಿ, ಥರ್ಮೋಕೋಲ್ ಬಟ್ಟಲು ಮತ್ತು ಮುದ್ರಿತ ವೃತ್ತಪತ್ರಿಕೆಯ ಕಾಗದವನ್ನು ಯಾವುದೇ ವಿಧಾನದಲ್ಲಿಯೂ ಬಳಸಬಾರದು.
• ಶಾಖನಿರೋಧಕ ಬೋರೋಸಿಲಿಕೇಟ್ ಗಾಜಿನ ಪಾತ್ರೆಗಳು ಸಾಮಾನ್ಯವಾಗಿ ಎಲ್ಲ ವಿಧಾನಗಳಿಗೂ ಸೂಕ್ತ. ಬಿಸಿ ಪಾತ್ರೆಯನ್ನು ಒದ್ದೆಯಾದ ಕಟ್ಟೆಯ ಮೇಲೆ ಇಡಬಾರದು.

ಪಿಂಗಾಣಿ ಪಾತ್ರೆಯ ಬಗ್ಗೆ ಸಂದೇಹವಿದ್ದಲ್ಲಿ ಹೀಗೆ ಪರೀಕ್ಷಿಸಬಹುದು: ಲೋಹದ ಅಂಚಿಲ್ಲದ ಖಾಲಿ ಪಾತ್ರೆಯ ಪಕ್ಕದಲ್ಲಿ ಒಂದು ಲೋಟ ನೀರನ್ನು ಇಟ್ಟು 1 ನಿಮಿಷ ಮೈಕ್ರೋವೇವ್ ವಿಧಾನದಲ್ಲಿ ನಡೆಸುವುದು. ನೀರು ಬಿಸಿಯಾಗಿ ಪಾತ್ರೆ ತಣ್ಣಗಿದ್ದರೆ ಅದು ಸೂಕ್ತ. ಪಾತ್ರೆಯೇ ಬಿಸಿಯಾದರೆ ಸೂಕ್ತವಲ್ಲ.

6. ಪರಿಣಾಮಕಾರಿ ಬಳಕೆ

ಅಡುಗೆ ಪುಸ್ತಕಗಳಲ್ಲಿನ ಸಮಯವು ನಿರ್ದಿಷ್ಟ ವ್ಯಾಟ್‌ಗೆ ಸಂಬಂಧಿಸಿರುತ್ತದೆ. 900 ವ್ಯಾಟ್ ಓವನ್‌ನಲ್ಲಿ 7 ನಿಮಿಷ ಬೇಕಾಗುವ ಅಡುಗೆಗೆ 700 ವ್ಯಾಟ್ ಓವನ್‌ನಲ್ಲಿ ಸುಮಾರು 9 ನಿಮಿಷ ಬೇಕಾಗುತ್ತದೆ. ಆಹಾರದ ಪ್ರಮಾಣ ಹೆಚ್ಚಿದಂತೆ ಸಮಯವನ್ನೂ ಹೆಚ್ಚಿಸಬೇಕು. ಮೊದಲು ಕಡಿಮೆ ಸಮಯವಿಟ್ಟು, ಅಗತ್ಯವಿದ್ದರೆ ಮುಂದುವರಿಸುವುದು ಉತ್ತಮ ಕ್ರಮ.

ಆಹಾರವನ್ನು ತಟ್ಟೆಯ ನಡುವೆ ರಾಶಿ ಹಾಕದೆ ಅಂಚಿನ ಕಡೆಗೆ ಹರಡಬೇಕು. ದಪ್ಪ ಹೋಳುಗಳು ಹೊರಭಾಗದಲ್ಲಿರಲಿ. ಅರ್ಧ ಸಮಯದಲ್ಲಿ ಒಮ್ಮೆ ಕೈಯಾಡಿಸಬೇಕು. ಮುಚ್ಚಳವನ್ನು ಆವಿ ಹೋಗುವಂತೆ ಸಡಿಲವಾಗಿ ಮುಚ್ಚಬೇಕು. ಓವನ್ ನಿಂತ ನಂತರ 2 ರಿಂದ 3 ನಿಮಿಷ ಬಿಟ್ಟರೆ ಶಾಖವು ಆಹಾರದ ಎಲ್ಲ ಭಾಗಕ್ಕೂ ಹರಡುತ್ತದೆ. ಉಳಿದ ಆಹಾರವನ್ನು ಬಿಸಿ ಮಾಡುವಾಗ ಅದರ ಮಧ್ಯಭಾಗವೂ 74 ಡಿಗ್ರಿ ಸೆಲ್ಸಿಯಸ್ ತಲುಪಬೇಕು; ಅಂದರೆ ಎಲ್ಲೆಡೆಯೂ ಹಬೆಯಾಡುವಷ್ಟು ಬಿಸಿಯಾಗಿರಬೇಕು.

ಬೆಳಿಗ್ಗೆ ಮಾಡಿ ಹೊರಗಿಟ್ಟ ಅನ್ನವನ್ನು ರಾತ್ರಿ ಓವನ್‌ನಲ್ಲಿ ಬಿಸಿ ಮಾಡಿದರೆ ಸಾಕೆಂದು ಭಾವಿಸಬಾರದು. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣು ಉತ್ಪಾದಿಸುವ ಒಂದು ಬಗೆಯ ವಿಷವು ಮರುಬಿಸಿಯಿಂದ ನಾಶವಾಗುವುದಿಲ್ಲ. ಉಳಿದ ಅನ್ನವನ್ನು 2 ಗಂಟೆಯೊಳಗೆ ಫ್ರಿಜ್‌ನಲ್ಲಿಡಬೇಕು.

ವಿದ್ಯುತ್ ಬಳಕೆಯ ಲೆಕ್ಕವೂ ಸರಳವಾಗಿದೆ. 1,200 ವ್ಯಾಟ್ ಪಡೆಯುವ ಓವನ್ ದಿನಕ್ಕೆ 15 ನಿಮಿಷ ನಡೆದರೆ 0.3 ಯೂನಿಟ್, 30 ದಿನಗಳಿಗೆ 9 ಯೂನಿಟ್ ಖರ್ಚಾಗುತ್ತದೆ. ಒಂದು ಲೋಟ ಹಾಲು ಅಥವಾ ಒಬ್ಬರ ಊಟ ಬಿಸಿ ಮಾಡಲು ಓವನ್ ಅನುಕೂಲಕರ. ಇಡೀ ಕುಟುಂಬದ ಅನ್ನ, ಬೇಳೆಗೆ ಪ್ರೆಶರ್ ಕುಕ್ಕರ್ ಹೆಚ್ಚು ಸಮರ್ಪಕ.

7. ವಿಶೇಷ ಎಚ್ಚರಿಕೆಗಳು

• ಶಿಶುಗಳ ಹಾಲಿನ ಬಾಟಲಿಯನ್ನು ಓವನ್‌ನಲ್ಲಿ ಬಿಸಿ ಮಾಡಬಾರದು. ಬಾಟಲಿ ಹೊರಗೆ ತಣ್ಣಗಿದ್ದರೂ ಒಳಗಿನ ಹಾಲು ಅಲ್ಲಲ್ಲಿ ಅತಿಯಾಗಿ ಕಾದಿರುತ್ತದೆ. ಮಗುವಿನ ಬಾಯಿ, ಗಂಟಲು ಸುಡಬಹುದು. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ, ಮಣಿಕಟ್ಟಿನ ಮೇಲೆ ಹನಿ ಹಾಕಿ ಪರೀಕ್ಷಿಸಿದ ನಂತರ ಕುಡಿಸಬೇಕು.
• ನುಣುಪಾದ ಲೋಟದಲ್ಲಿ ಬರೀ ನೀರನ್ನು ಅತಿಯಾಗಿ ಕಾಯಿಸಿದಾಗ ಅದು ಗುಳ್ಳೆಯೇಳದೆ ಕುದಿಬಿಂದುವನ್ನು ಮೀರಬಹುದು. ಅಲುಗಿಸಿದೊಡನೆ ಅಥವಾ ಕಾಫಿಪುಡಿ ಹಾಕಿದೊಡನೆ ಚಿಮ್ಮಿ ಕೈ ಮುಖಗಳನ್ನು ಸುಡುತ್ತದೆ. ಲೋಟದಲ್ಲಿ ಮರದ ಚಮಚವಿಟ್ಟು ಕಾಯಿಸಿ, ಸ್ವಲ್ಪ ಹೊತ್ತು ಬಿಟ್ಟು ತೆಗೆಯಬೇಕು.
• ಚಿಪ್ಪು ಸಹಿತ ಮೊಟ್ಟೆ ಹಾಗೂ ಬಿಗಿಯಾಗಿ ಮುಚ್ಚಿದ ಡಬ್ಬಿಗಳು ಸಿಡಿಯುತ್ತವೆ. ಇಡೀ ಆಲೂಗಡ್ಡೆ, ಬದನೆಕಾಯಿಗಳನ್ನು ಚುಚ್ಚಿ ಇಡಬೇಕು.
• ಎಣ್ಣೆಯಲ್ಲಿ ಕರಿಯುವ ಕಾರ್ಯಕ್ಕೆ ಓವನ್ ಬಳಸಬಾರದು. ಎಣ್ಣೆಯ ಉಷ್ಣಾಂಶವನ್ನು ಇಲ್ಲಿ ನಿಯಂತ್ರಿಸಲಾಗದು.
• ಹಪ್ಪಳ, ಕರಿಬೇವು, ಬ್ರೆಡ್ಡಿನ ಚೂರು ಮುಂತಾದ ಒಣ ಪದಾರ್ಥಗಳು ಕೆಲವೇ ಕ್ಷಣಗಳ ವ್ಯತ್ಯಾಸದಲ್ಲಿ ಹೊತ್ತಿಕೊಳ್ಳಬಹುದು. ಅವುಗಳನ್ನು ಇಟ್ಟು ಬೇರೆಡೆಗೆ ಹೋಗಬಾರದು. ಬಟ್ಟೆಯನ್ನು ಒಣಗಿಸಲು ಓವನ್ ಬಳಸಬಾರದು.
• ಓವನ್ನನ್ನು ಖಾಲಿಯಾಗಿ ಮೈಕ್ರೋವೇವ್ ವಿಧಾನದಲ್ಲಿ ನಡೆಸಿದರೆ ಮ್ಯಾಗ್ನೆಟ್ರಾನ್ ಹಾಳಾಗುತ್ತದೆ.
• ಗ್ರಿಲ್, ಕನ್ವೆಕ್ಷನ್ ನಂತರ ಬಾಗಿಲು ಮತ್ತು ಒಳಗೋಡೆಗಳು ಬಹಳ ಹೊತ್ತು ಸುಡುತ್ತಿರುತ್ತವೆ. ಮಕ್ಕಳನ್ನು ದೂರವಿರಿಸಬೇಕು.

ಬೆಂಕಿ ಕಾಣಿಸಿಕೊಂಡಲ್ಲಿ: ಬಾಗಿಲನ್ನು ತೆರೆಯಬಾರದು, ಗಾಳಿ ದೊರೆತರೆ ಬೆಂಕಿ ಹೆಚ್ಚುತ್ತದೆ. ಓವನ್ನನ್ನು ನಿಲ್ಲಿಸಿ, ಗೋಡೆಯ ಸ್ವಿಚ್ ಅಥವಾ ಮುಖ್ಯ ಸ್ವಿಚ್ ಆರಿಸಬೇಕು. ನೀರು ಎರಚಬಾರದು. ಬೆಂಕಿ ಹೊರಗೆ ಹರಡಿದರೆ ಮನೆಯವರೆಲ್ಲರೂ ಹೊರಬಂದು 112 ಸಂಖ್ಯೆಗೆ ಕರೆ ಮಾಡಬೇಕು. ಸುಟ್ಟ ಗಾಯವನ್ನು 20 ನಿಮಿಷಗಳ ಕಾಲ ಹರಿಯುವ ತಣ್ಣೀರಿನಲ್ಲಿ ಹಿಡಿಯಬೇಕು. ಮಂಜುಗಡ್ಡೆ, ಶಾಯಿ, ಟೂತ್‌ಪೇಸ್ಟ್ ಹಚ್ಚಬಾರದು.

8. ಅಲೆಗಳ ಸೋರಿಕೆ ಕುರಿತು

ಅಂತರರಾಷ್ಟ್ರೀಯ ಮಾನಕದ ಪ್ರಕಾರ ಓವನ್‌ನಿಂದ 5 ಸೆಂ.ಮೀ. ದೂರದಲ್ಲಿ ಸೋರಿಕೆಯು ಪ್ರತಿ ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟ್ ಮೀರಬಾರದು. ದೂರ ಹೆಚ್ಚಿದಂತೆ ಇದು ಶೀಘ್ರವಾಗಿ ಕ್ಷೀಣಿಸುತ್ತದೆ; 50 ಸೆಂ.ಮೀ. ದೂರದಲ್ಲಿ ಸುಮಾರು ನೂರನೇ ಒಂದು ಭಾಗಕ್ಕಿಳಿಯುತ್ತದೆ. ಆದ್ದರಿಂದ ಸುಸ್ಥಿತಿಯಲ್ಲಿರುವ ಓವನ್ ಬಗ್ಗೆ ಆತಂಕಪಡಬೇಕಾಗಿಲ್ಲ. ಆದರೆ ಬಾಗಿಲು ಸೊಟ್ಟಗಾಗಿದ್ದರೆ, ಗಾಜು ಒಡೆದಿದ್ದರೆ, ಕೀಲು ಅಥವಾ ಅಗುಳಿ ಸಡಿಲವಾಗಿದ್ದರೆ ಬಳಕೆಯನ್ನು ಕೂಡಲೇ ನಿಲ್ಲಿಸಬೇಕು. ಓವನ್‌ನೊಳಗೆ ಮೊಬೈಲ್ ಇಟ್ಟು ಕರೆ ಮಾಡಿ ಪರೀಕ್ಷಿಸುವ ಕ್ರಮ ವಿಶ್ವಾಸಾರ್ಹವಲ್ಲ.

9. ಶುಚಿತ್ವ ಮತ್ತು ದುರಸ್ತಿ

ಸ್ವಚ್ಛಗೊಳಿಸುವ ಮುನ್ನ ಪ್ಲಗ್ ತೆಗೆದು ಓವನ್ ತಣಿಯಲು ಬಿಡಬೇಕು. ಬಟ್ಟಲು ನೀರಿಗೆ ನಿಂಬೆಹೋಳು ಹಾಕಿ ಮೊದಲೇ ಕುದಿಸಿಟ್ಟಿದ್ದರೆ ಅಂಟಿದ ಜಿಡ್ಡು ಮೆತ್ತಗಾಗಿ ಒದ್ದೆ ಬಟ್ಟೆಯಿಂದ ಸುಲಭವಾಗಿ ಒರೆಸಬಹುದು. ಬಾಗಿಲಿನ ಅಂಚಿನಲ್ಲಿ ಜಿಡ್ಡು ಉಳಿಯದಂತೆ ನೋಡಿಕೊಳ್ಳಬೇಕು. ಒಳಗೋಡೆಯ ಅಭ್ರಕದ ಹಾಳೆಯನ್ನು ಕೀಳಬಾರದು.

ಓವನ್‌ನ ಹೊರಕವಚವನ್ನು ಗ್ರಾಹಕರು ಯಾವ ಕಾರಣಕ್ಕೂ ಬಿಚ್ಚಬಾರದು. ಒಳಗಿನ ಕೆಪಾಸಿಟರ್‌ನಲ್ಲಿ ಪ್ಲಗ್ ತೆಗೆದ ನಂತರವೂ 2,000 ವೋಲ್ಟ್‌ಗಳಷ್ಟು ವಿದ್ಯುತ್ ಶೇಖರವಾಗಿರಬಹುದು, ಇದು ಪ್ರಾಣಾಂತಿಕ. ತರಬೇತಿ ಪಡೆದ ತಂತ್ರಜ್ಞರಿಂದಲೇ ದುರಸ್ತಿ ಮಾಡಿಸಿ ರಸೀದಿ ಪಡೆಯಬೇಕು.

10. ದೂರು ಮತ್ತು ವಿಲೇವಾರಿ

ದೋಷಯುಕ್ತ ಓವನ್ ಅಥವಾ ಸೇವಾನ್ಯೂನತೆಯ ಬಗ್ಗೆ ಮೊದಲು ಮಾರಾಟಗಾರರಿಗೆ ಹಾಗೂ ತಯಾರಕರಿಗೆ ಲಿಖಿತ ದೂರು ನೀಡಬೇಕು. ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅನ್ವಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಲು ಅವಕಾಶವಿದ್ದು, ದೂರಿನ ಕಾರಣ ಉಂಟಾದ 2 ವರ್ಷಗಳೊಳಗೆ ಸಲ್ಲಿಸತಕ್ಕದ್ದು. ಪಾವತಿಸಿದ ಬೆಲೆ 5 ಲಕ್ಷ ರೂಪಾಯಿವರೆಗಿದ್ದಲ್ಲಿ ಶುಲ್ಕವಿರುವುದಿಲ್ಲ. ರಸೀದಿ, ಖಾತರಿ ಪತ್ರ, ಪತ್ರವ್ಯವಹಾರದ ಪ್ರತಿಗಳು ಹಾಗೂ ದೋಷದ ಛಾಯಾಚಿತ್ರಗಳನ್ನು ಲಗತ್ತಿಸಬೇಕು. ದೋಷಯುಕ್ತ ಉತ್ಪನ್ನದಿಂದ ಗಾಯ ಅಥವಾ ಆಸ್ತಿ ನಷ್ಟವಾಗಿದ್ದಲ್ಲಿ ಉತ್ಪನ್ನ ಹೊಣೆಗಾರಿಕೆಯಡಿ ಪರಿಹಾರ ಕೋರಬಹುದಾಗಿದೆ.

ಕೆಟ್ಟುಹೋದ ಓವನ್ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022ರ ವ್ಯಾಪ್ತಿಗೆ ಬರುತ್ತದೆ. ಅದನ್ನು ಮನೆಯ ಕಸದೊಂದಿಗೆ ಹಾಕದೆ ಅಧಿಕೃತ ಸಂಗ್ರಹಕಾರರಿಗೆ ಅಥವಾ ತಯಾರಕರ ಸಂಗ್ರಹ ಕೇಂದ್ರಕ್ಕೆ ನೀಡಬೇಕು.

ಸೂಚನೆ: ಇಲ್ಲಿನ ಮಾಹಿತಿಯು ಸಾಮಾನ್ಯ ಮಾರ್ಗದರ್ಶನಕ್ಕಾಗಿ ಮಾತ್ರ. ಆಯಾ ಮಾದರಿಯ ಓವನ್‌ಗೆ ತಯಾರಕರು ನೀಡಿರುವ ಕೈಪಿಡಿಯನ್ನು ಬಳಕೆಗೆ ಮುನ್ನ ಪೂರ್ಣವಾಗಿ ಓದಿಕೊಳ್ಳುವುದು. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ತಮ್ಮ ವೈದ್ಯರ ಸಲಹೆ ಪಡೆಯುವುದು.